ಹಳೇ ಬಾಡಿಗೆದಾರರು, ಹೊಸ ಓನರ್ ನಾನು. ಬಾಡಿಗೆ ಎಷ್ಟು ಏರಿಸಲಿ, ಹೇಗೆ ಹೇಳಲಿ? (ಕಾಸರಗೋಡು)

ನುಳ್ಳಿಪ್ಪಾಡಿ ಹೊಸಬ
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಉಂಟು, ದಯವಿಟ್ಟು ಪೂರ್ತಿ ಓದಿ.

ಕಾಸರಗೋಡು ಪೇಟೆಯಲ್ಲಿ, ಮುನ್ಸಿಪಾಲಿಟಿ ಒಳಗೇ, ಒಂದು ಹಳೇ ಮಾಳಿಗೆ ಕಟ್ಟಡವನ್ನು ಮೇ ತಿಂಗಳಲ್ಲಿ ಕೊಂಡುಕೊಂಡೆ. ಕೆಳಗೆ ಎರಡು ಅಂಗಡಿ ಕೋಣೆ, ಮೇಲೆ ಎರಡು ಮನೆ. ಹದಿನೆಂಟು ವರ್ಷ ಕುವೈತಿನಲ್ಲಿ ದುಡಿದದ್ದು ಅರ್ಧ, ಬ್ಯಾಂಕ್ ಸಾಲ ಅರ್ಧ. ಆಧಾರ (ಕ್ರಯಪತ್ರ) ಆಗಿದೆ, ವಿಲೇಜ್ ಆಫೀಸಿನಲ್ಲಿ ನನ್ನ ಹೆಸರಿಗೂ ಆಗಿದೆ.

ನಾಲ್ಕರಲ್ಲೂ ಮೊದಲಿಂದ ಜನ ಇದ್ದಾರೆ. ಟೈಲರ್ ಅಂಗಡಿ 2,800, ಸ್ಟೇಷನರಿ ಅಂಗಡಿ 4,500, ಮೇಲಿನ ಮನೆಗಳು 5,500 ಮತ್ತು 6,000. ಒಟ್ಟು 18,800. ನನ್ನ ಸಾಲದ ಕಂತು 34,000. ಟೈಲರ್ 2009ರಿಂದ ಇದ್ದಾರೆ. ಅವರಿಗೆ ಕೊನೆಯ ಸಲ ಏರಿಸಿ ಒಂಬತ್ತು ವರ್ಷ ಆಯಿತಂತೆ. ಪಕ್ಕದ ಕಟ್ಟಡದಲ್ಲಿ ಅಷ್ಟೇ ದೊಡ್ಡ ಕೋಣೆಗೆ 7,500 ಬರುತ್ತಿದೆ.

ಕಳೆದ ವಾರ ನಾಲ್ಕು ಜನರಿಗೂ ವಾಟ್ಸಾಪಿನಲ್ಲಿ ಹೇಳಿದೆ: ಆಗಸ್ಟ್ 1ರಿಂದ ಟೈಲರಿಗೆ 7,000, ಸ್ಟೇಷನರಿಗೆ 8,000, ಮನೆಗಳಿಗೆ 9,000 ಮತ್ತು 9,500. ಒಟ್ಟು 33,500 ಆಗುತ್ತದೆ, ಕಂತು ಹೆಚ್ಚು ಕಡಿಮೆ ಅದರಲ್ಲೇ ಮುಗಿಯುತ್ತದೆ ಅಂತ ಲೆಕ್ಕ. ಒಬ್ಬರೂ ಉತ್ತರ ಕೊಟ್ಟಿಲ್ಲ. ಸ್ಟೇಷನರಿಯವರು ನನ್ನನ್ನು ಕಂಡರೆ ಮಾತಾಡುವುದಿಲ್ಲ. ನಾನು ಮಾಡಿದ್ದು ತಪ್ಪಾ? ಇನ್ನು ಏನು ಮಾಡಬೇಕು?

ಉಪ್ಪಳದಿಂದ
ಅಗ್ರಿಮೆಂಟ್ ಇದೆಯಾ ಇಲ್ವಾ? ಅದು ಗೊತ್ತಾಗದೆ ಮುಂದೆ ಮಾತಾಡಿ ಪ್ರಯೋಜನ ಇಲ್ಲ.

ಪೆರ್ಲ ಟು ಬೆಂಗಳೂರು
ಇಷ್ಟು ಯೋಚನೆ ಯಾಕೆ? ಇಲ್ಲಿ ಬೆಂಗಳೂರಿನಲ್ಲಿ ಹನ್ನೊಂದು ತಿಂಗಳ ಅಗ್ರಿಮೆಂಟ್ ಮುಗಿದ ಕೂಡಲೇ 5ರಿಂದ 10 ಪರ್ಸೆಂಟ್ ಏರುತ್ತದೆ. ಒಪ್ಪದಿದ್ದರೆ ಖಾಲಿ ಮಾಡಿ ಅಂತಾರೆ. ನಿಮ್ಮ ಕಟ್ಟಡ, ನಿಮ್ಮ ಸಾಲ. ಒಂದು ತಿಂಗಳ ನೋಟೀಸ್ ಕೊಟ್ಟು ಹೇಳಿಬಿಡಿ.

ವಕೀಲರ ಗುಮಾಸ್ತ
ಪೆರ್ಲದವರೇ, ಬೆಂಗಳೂರಿನ ರೂಢಿಯನ್ನು ಇಲ್ಲಿಗೆ ತರಬೇಡಿ. ಕಾಸರಗೋಡು ಕೇರಳ. ಮುನ್ಸಿಪಾಲಿಟಿ ಒಳಗಿನ ಕಟ್ಟಡಕ್ಕೆ 1965ರ ಕೇರಳ ಬಾಡಿಗೆ ನಿಯಂತ್ರಣ ಕಾಯ್ದೆ ಅನ್ವಯ ಆಗುತ್ತದೆ. ಹನ್ನೊಂದು ತಿಂಗಳು ಮುಗಿಯಿತು ಅನ್ನುವ ಒಂದೇ ಕಾರಣಕ್ಕೆ ಯಾರನ್ನೂ ಎಬ್ಬಿಸಲಿಕ್ಕೆ ಆಗುವುದಿಲ್ಲ. ಅವಧಿ ಮುಗಿದ ಮೇಲೂ ಕೂತವರು ಆ ಕಾಯ್ದೆಯ ಕಣ್ಣಿಗೆ ಬಾಡಿಗೆದಾರರೇ.

ಹನ್ನೊಂದು ತಿಂಗಳು ಅಂತ ಬರೆಯುವುದರ ಹಿಂದೆ ಬೇರೆ ಕಾರಣ ಉಂಟು. ವರ್ಷಕ್ಕಿಂತ ಜಾಸ್ತಿ ಅವಧಿಯ ಬಾಡಿಗೆ ಪತ್ರವನ್ನು ರಿಜಿಸ್ಟರ್ ಮಾಡಲೇಬೇಕು. ಅದನ್ನು ತಪ್ಪಿಸಲಿಕ್ಕೆ ಹನ್ನೊಂದು.

ಇನ್ನು ಹೊಸಬರಿಗೆ. ನೀವು ವಾಟ್ಸಾಪಿನಲ್ಲಿ ಕಳಿಸಿದ ಮೊತ್ತ ನೀವು ಕೇಳಿದ ಮೊತ್ತ ಅಷ್ಟೇ. ಅವರು ಒಪ್ಪುವವರೆಗೆ ಅದು ಬಾಡಿಗೆ ಆಗುವುದಿಲ್ಲ. ಟೈಲರ್ ಆಗಸ್ಟಿನಲ್ಲೂ 2,800 ಕೊಟ್ಟರೆ ಅವರು ಬಾಕಿದಾರ ಅಲ್ಲ. 4,200 ಬಾಕಿ ಅಂತ ಕೋರ್ಟಿಗೆ ಹೋದರೆ ನಿಲ್ಲುವುದಿಲ್ಲ. ಒಪ್ಪಂದ ಆಗದಿದ್ದರೆ ರೆಂಟ್ ಕಂಟ್ರೋಲ್ ಕೋರ್ಟಿನಲ್ಲಿ ನ್ಯಾಯವಾದ ಬಾಡಿಗೆ ನಿಗದಿ ಮಾಡಿ ಅಂತ ಅರ್ಜಿ ಹಾಕಬಹುದು. ಓನರ್ ಹಾಕಬಹುದು, ಬಾಡಿಗೆದಾರರೂ ಹಾಕಬಹುದು. ಆದರೆ ಮೊದಲು ಮಾತಾಡಿ ನೋಡಿ. ಕೋರ್ಟಿನ ದಾರಿ ದೂರ.

ಪೆರ್ಲ ಟು ಬೆಂಗಳೂರು
ಇದು ಗೊತ್ತಿರಲಿಲ್ಲ. ತಿದ್ದಿದ್ದಕ್ಕೆ ಥ್ಯಾಂಕ್ಸ್. ಆದರೂ ಒಂದು ಮಾತು. 2,800ಕ್ಕೆ ಪೇಟೆಯಲ್ಲಿ ಅಂಗಡಿ ಅಂದರೆ ಓನರಿಗೂ ಅನ್ಯಾಯ ಅಲ್ವಾ?

ಬಾಡಿಗೆ ಮನೆ ಅಕ್ಕ
ನಾನು ಆ ಕಡೆಯವಳು. ಮೂರು ವರ್ಷ ವಿದ್ಯಾನಗರದಲ್ಲಿ ಒಂದೇ ಮನೆಯಲ್ಲಿ ಇದ್ದೆವು, ಬಾಡಿಗೆ 6,000. ಮನೆ ಮಾರಾಟ ಆಯಿತು. ಹೊಸ ಓನರ್ ಮುಖವನ್ನೇ ನೋಡಿರಲಿಲ್ಲ. ಒಂದು ದಿನ ಮಗಳಿಗೆ ಹೋಮ್‌ವರ್ಕ್ ಮಾಡಿಸುತ್ತಿದ್ದೆ, ಮೊಬೈಲಿಗೆ ಮೆಸೇಜ್ ಬಂತು: ಮುಂದಿನ ತಿಂಗಳಿಂದ 9,500. ನಮಸ್ಕಾರ ಇಲ್ಲ, ಹೆಸರಿಲ್ಲ. ಯಾರು ಅಂತ ತಿಳಿಯಲಿಕ್ಕೆ ನಾನೇ ಹಳೇ ಓನರಿಗೆ ಫೋನ್ ಮಾಡಿದೆ. ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಶಾಲೆ ನಡೆದು ಹೋಗುವಷ್ಟು ಹತ್ತಿರ ಇತ್ತು, ಅದಕ್ಕೇ ಆ ಮನೆ ಹಿಡಿದದ್ದು.

ಎರಡು ತಿಂಗಳಲ್ಲಿ ಬಿಟ್ಟೆವು. ಆ ಮನೆ ಏಳು ತಿಂಗಳು ಖಾಲಿ ಇತ್ತು. ಬಸ್ಸಿನಲ್ಲಿ ಹೋಗುವಾಗ ಪ್ರತಿ ಸಲ ನೋಡುತ್ತಿದ್ದೆ, ಕಿಟಕಿಗೆ ಬೋರ್ಡ್ ಕಟ್ಟಿದ್ದರು. ಕೊನೆಗೆ 7,000ಕ್ಕೆ ಕೊಟ್ಟರು ಅಂತ ಪಕ್ಕದ ಮನೆಯವರು ಹೇಳಿದರು. ನೀವೇ ಲೆಕ್ಕ ಹಾಕಿ. ತಿಂಗಳಿಗೆ 3,500 ಜಾಸ್ತಿ ಅಂದರೆ ವರ್ಷಕ್ಕೆ 42,000. ಏಳು ತಿಂಗಳು ಖಾಲಿ ಬಿಟ್ಟು ಕಳಕೊಂಡದ್ದೂ 42,000. ಕೂತು ಮಾತಾಡಿದ್ದರೆ ನಾವು 7,000 ಖಂಡಿತ ಕೊಡುತ್ತಿದ್ದೆವು.

ಮುಳ್ಳೇರಿಯ ಕೃಷಿಕ
ಅಕ್ಕ ಹೇಳಿದ್ದು ನೂರಕ್ಕೆ ನೂರು.

ನುಳ್ಳಿಪ್ಪಾಡಿ ಹೊಸಬ
ಅಗ್ರಿಮೆಂಟ್ ಕೇಳಿದ್ದಿರಿ. ಟೈಲರದ್ದು 2009ರ ಒಂದು ಮುದ್ರಾಪತ್ರ (ಸ್ಟಾಂಪ್ ಪೇಪರ್) ಉಂಟು, ಮಲಯಾಳದಲ್ಲಿ, ಹನ್ನೊಂದು ತಿಂಗಳಿಗೆ. ಆಮೇಲೆ ಹೊಸದು ಮಾಡಲೇ ಇಲ್ಲ. ಸ್ಟೇಷನರಿಯದ್ದೂ ಹಾಗೇ. ಮನೆಗಳಿಗೆ ಬರೀ ಬಾಯಿಮಾತು. ಅಂಗಡಿಯವರು 25,000ದಂತೆ, ಮನೆಯವರು 15,000ದಂತೆ ಹಳೇ ಓನರಿಗೆ ಅಡ್ವಾನ್ಸ್ ಕೊಟ್ಟಿದ್ದಾರಂತೆ. ಅದನ್ನು ನಾನು ಕೇಳಲಿಲ್ಲ.

ಇನ್ನೊಂದು. ನನ್ನ ತಮ್ಮನಿಗೆ ಒಂದು ಮೊಬೈಲ್ ರಿಪೇರಿ ಅಂಗಡಿ ಇಡುವ ಆಲೋಚನೆ ಉಂಟು. ಟೈಲರ್ ಒಪ್ಪದಿದ್ದರೆ, ಸ್ವಂತಕ್ಕೆ ಬೇಕು ಅಂತ ಹೇಳಬಹುದಲ್ವಾ?

ವಕೀಲರ ಗುಮಾಸ್ತ
ಅಡ್ವಾನ್ಸ್ ವಿಷಯ ಮೊದಲು. ಒಟ್ಟು 80,000. ಆಧಾರ ಮಾಡುವ ಮೊದಲೇ ಅದನ್ನು ಕ್ರಯದಲ್ಲಿ ಕಳೆದುಕೊಳ್ಳಬೇಕಿತ್ತು. ಬಾಡಿಗೆದಾರರು ಬಿಡುವ ದಿನ ನಿಮ್ಮನ್ನೇ ಕೇಳುತ್ತಾರೆ, ಹಳೇ ಓನರ್ ಎಲ್ಲಿರುತ್ತಾರೋ ಯಾರಿಗೆ ಗೊತ್ತು. ಈಗಲೇ ಹೋಗಿ ಕೇಳಿ. ಕೊಡದಿದ್ದರೂ ಎಷ್ಟು ಯಾರಿಂದ ತೆಗೆದುಕೊಂಡದ್ದು ಅಂತ ಒಂದು ಕಾಗದದಲ್ಲಿ ಬರೆಸಿ ಸಹಿ ಹಾಕಿಸಿಕೊಳ್ಳಿ. ಅದರ ಜೊತೆಗೇ "ಕಟ್ಟಡ ಇಂಥವರಿಗೆ ಮಾರಿದ್ದೇನೆ, ಇನ್ನು ಬಾಡಿಗೆ ಅವರಿಗೆ ಕೊಡಿ" ಅಂತ ನಾಲ್ಕು ಜನರಿಗೂ ಹಳೇ ಓನರಿನ ಕೈಯಿಂದ ಪತ್ರ ಬರೆಸಿ. ಸ್ವತ್ತು ವರ್ಗಾವಣೆ ಕಾಯ್ದೆಯ 109ನೇ ಕಲಂ ಪ್ರಕಾರ, ಮಾರಾಟ ಆದದ್ದು ಗೊತ್ತಿಲ್ಲದೆ ಹಳೇ ಓನರಿಗೆ ಕೊಟ್ಟ ಬಾಡಿಗೆಯನ್ನು ನೀವು ಪುನಃ ಕೇಳುವ ಹಾಗಿಲ್ಲ. ನೀವು ಕೊಳ್ಳುವುದಕ್ಕಿಂತ ಮೊದಲಿನ ಬಾಕಿ ಇದ್ದರೆ ಅದೂ ಸುಮ್ನೆ ನಿಮ್ಮ ಪಾಲಿಗೆ ಬರುವುದಿಲ್ಲ.

ತಮ್ಮನ ಅಂಗಡಿ ವಿಷಯ. ಬಾಡಿಗೆ ನಿಯಂತ್ರಣ ಕಾಯ್ದೆಯ 11ನೇ ಕಲಮಿನ 3ನೇ ಉಪಕಲಂ ಸ್ವಂತ ಅಗತ್ಯದ ಬಗ್ಗೆ. ಆದರೆ ಕ್ರಯಕ್ಕೆ ಕೊಂಡ ಓನರ್ ಆಧಾರದ ತಾರೀಕಿನಿಂದ ಒಂದು ವರ್ಷ ಆಗುವವರೆಗೆ ಆ ಕಾರಣಕ್ಕೆ ಅರ್ಜಿ ಹಾಕುವ ಹಾಗೇ ಇಲ್ಲ. ಕೊಂಡು ತಕ್ಷಣ ಎಬ್ಬಿಸುವುದನ್ನು ತಡೆಯಲಿಕ್ಕೇ ಅದನ್ನು ಇಟ್ಟದ್ದು. ವರ್ಷ ಆದ ಮೇಲೂ ಆ ಅಗತ್ಯ ನಿಜ ಅಂತ ತೋರಿಸಬೇಕು. ಟೈಲರ್ ಮುಖ್ಯವಾಗಿ ಆ ಅಂಗಡಿಯ ದುಡಿಮೆಯಲ್ಲೇ ಬದುಕುವವರು, ಆಸುಪಾಸಿನಲ್ಲಿ ಬೇರೆ ಕೋಣೆ ಸಿಗುವುದಿಲ್ಲ ಅಂತ ಆದರೆ ಅವರಿಗೆ ರಕ್ಷಣೆ ಉಂಟು.

ಬಾಡಿಗೆ ಏರಿಸಲಿಕ್ಕೆ ಬೆದರಿಕೆಯಾಗಿ ಮಾತ್ರ ಇದನ್ನು ಹೇಳುವುದಾದರೆ, ಖಂಡಿತ ಬೇಡ.

ಕುಂಬಳೆ ಶಾರ್ಜಾ
ನಾನೂ ಹೊರದೇಶದಿಂದಲೇ ಕುಂಬಳೆಯ ಎರಡು ಮನೆ ನೋಡಿಕೊಳ್ಳುವವನು. ಗಲ್ಫಿನ ದುಡ್ಡಿನ ಬೆಲೆ ನನಗೆ ಗೊತ್ತು, ನಿಮ್ಮ ಬಿಸಿ ಅರ್ಥ ಆಗುತ್ತದೆ. ಆದರೆ ನಾನು ಇಲ್ಲಿ ಬಾಡಿಗೆದಾರನೂ ಹೌದು. ಶಾರ್ಜಾದಲ್ಲಿ ಹೊಸದಾಗಿ ಬಾಡಿಗೆಗೆ ಬಂದ ಮೇಲೆ ಮೂರು ವರ್ಷ ಏರಿಸುವ ಹಾಗಿಲ್ಲ. ಆ ಮೂರು ವರ್ಷ ನಾನು ನೆಮ್ಮದಿಯಲ್ಲಿ ಮಲಗಿದ್ದೇನೆ. ಊರಲ್ಲಿ ನನ್ನ ಮನೆಯಲ್ಲಿ ಇರುವವರಿಗೂ ಅದೇ ನೆಮ್ಮದಿ ಬೇಕಲ್ವಾ?

ನಾನು ಮಾಡುವುದು ಇಷ್ಟು. ಪ್ರತಿ ಏಪ್ರಿಲಿಗೆ 5 ಪರ್ಸೆಂಟ್. ಜನವರಿಯಲ್ಲೇ ಫೋನ್ ಮಾಡಿ ಹೇಳುತ್ತೇನೆ. 2023ರಿಂದ ಕಟ್ಟಡ ತೆರಿಗೆಯೇ ವರ್ಷಕ್ಕೆ 5 ಪರ್ಸೆಂಟ್ ಏರುತ್ತಿದೆ, ಅದರ ರಶೀದಿಯ ಫೋಟೋವನ್ನೂ ಕಳಿಸುತ್ತೇನೆ. ಇದುವರೆಗೆ ಒಬ್ಬರೂ ಬೇಡ ಅನ್ನಲಿಲ್ಲ.

ಎಡನೀರು ಹಿರಿಯ
ಮಕ್ಕಳೇ, ನನಗೆ ಬಾಡಿಗೆ ಅಂದರೇ ಹೆದರಿಕೆ. 1970 ಜನವರಿ 1ಕ್ಕೆ ಭೂಸುಧಾರಣೆ ಜಾರಿಗೆ ಬಂದಾಗ ನನಗೆ ಹದಿನಾಲ್ಕು ವರ್ಷ. ನಮ್ಮ ತಂದೆಯವರ ಬೈಲಿನ ಗದ್ದೆ ಪೂರಾ ಗೇಣಿಗೆ ಉಳುತ್ತಿದ್ದ ಒಕ್ಕಲಿನವರಿಗೆ ಹೋಯಿತು. ಅವರು ಆ ಬೈಲಿನ ದಾರಿಯಲ್ಲಿ ಮತ್ತೆ ನಡೆಯಲಿಲ್ಲ, ಸುತ್ತು ಹಾಕಿ ದೇವಸ್ಥಾನಕ್ಕೆ ಹೋಗುತ್ತಿದ್ದರು. ತುಂಬಾ ವರ್ಷ ಕೂತವರಿಗೆ ಹಕ್ಕು ಬರುತ್ತದೆ. 2009ರಿಂದ ಕೂತಿದ್ದಾರೆ ಅಂದರೆ ಜಾಗ್ರತೆ.

ವಕೀಲರ ಗುಮಾಸ್ತ
ಹಿರಿಯರೇ, ಆ ಕಾಯ್ದೆ ಕೃಷಿ ಭೂಮಿಯ ಗೇಣಿಗೆ. ಕಟ್ಟಡದ ಬಾಡಿಗೆ ಅದರಲ್ಲಿ ಬರುವುದಿಲ್ಲ. ಟೈಲರ್ ಎಷ್ಟು ವರ್ಷ ಬಾಡಿಗೆ ಕೊಟ್ಟು ಕೂತರೂ ಅಂಗಡಿ ಕೋಣೆಯ ಒಡೆಯ ಆಗುವುದಿಲ್ಲ. ಈ ಒಂದು ಹೆದರಿಕೆಯಿಂದ ಎಷ್ಟೋ ಜನ ಮನೆಯನ್ನು ಬೀಗ ಹಾಕಿ ಇಟ್ಟಿದ್ದಾರೆ. ಗೋಡೆ ಪಾಚಿ ಹಿಡಿಯುತ್ತದೆ, ಬಾಡಿಗೆಗೆ ಮಾತ್ರ ಕೊಡುವುದಿಲ್ಲ.

ನೀರ್ಚಾಲು
ವಿಷಯ ಬಿಟ್ಟು ಹೋಗುತ್ತಿದ್ದೇನೆ, ಕ್ಷಮಿಸಿ. ಹಿರಿಯರೇ, ನನ್ನ ಅಜ್ಜ ಗೇಣಿಗೆ ಉಳುತ್ತಿದ್ದವರು. ಆಗ ಸಿಕ್ಕಿದ ಮುಕ್ಕಾಲು ಎಕರೆಯಲ್ಲಿ ಅಡಿಕೆ ಹಾಕಿದ್ದರಿಂದ ನಮ್ಮ ಅಪ್ಪ ಹೈಸ್ಕೂಲಿಗೆ ಹೋದರು. ಆದರೆ ಅಜ್ಜ ಸಾಯುವವರೆಗೆ ಮೊದಲ ಗೊನೆಯನ್ನು ಹಳೇ ಧಣಿಗಳ ಮನೆಗೆ ಕೊಟ್ಟು ಬರುತ್ತಿದ್ದರು. ಯಾರೂ ಕೇಳಿದ್ದಲ್ಲ.

ಎಡನೀರು ಹಿರಿಯ
ನಮ್ಮ ಮನೆಗೂ ಒಬ್ಬರು ಹಾಗೆ ತರುತ್ತಿದ್ದರು. ತಂದೆಯವರು ಮೊದಲ ಎರಡು ವರ್ಷ ಜಗಲಿಗೆ ಬರಲಿಲ್ಲ. ಮೂರನೇ ವರ್ಷ ಬಂದು ಕೂತು ಮಾತಾಡಿದರು. ನೀವು ಬರೆದದ್ದು ಓದಿ ಅದು ನೆನಪಾಯಿತು.

ಸೀತಾಂಗೋಳಿ ಬೈಕ್
ಮೋಟಾರಿನ ಸ್ವಿಚ್ ನಿಮ್ಮ ಕೈಯಲ್ಲಿ ಉಂಟಲ್ವಾ? ಎರಡು ದಿನ ನೀರು ಬಿಡಬೇಡಿ, ತಾನಾಗಿ ದಾರಿಗೆ ಬರುತ್ತಾರೆ. ನಮ್ಮ ಕಡೆ ಒಬ್ಬರು ಹಾಗೇ ಮಾಡಿದ್ದು.

ಬಾಡಿಗೆ ಮನೆ ಅಕ್ಕ
ಮೇಲಿನ ಮನೆಗಳಲ್ಲಿ ಮಕ್ಕಳಿರಬಹುದು, ವಯಸ್ಸಾದವರಿರಬಹುದು. ಇಂಥ ಮಾತು ಹೇಳಬೇಡಿ.

ವಕೀಲರ ಗುಮಾಸ್ತ
ನೀರು, ಕರೆಂಟ್ ನಿಲ್ಲಿಸುವುದು ಬಾಡಿಗೆ ನಿಯಂತ್ರಣ ಕಾಯ್ದೆಯ 13ನೇ ಕಲಂ ಪ್ರಕಾರ ನಿಷಿದ್ಧ. ಬಾಡಿಗೆದಾರರು ದೂರು ಕೊಟ್ಟರೆ ಓನರಿಗೇ ತೊಂದರೆ. ಹಾಗೆಯೇ ಹಳೇ ಬಾಡಿಗೆ ತಂದು ಕೊಟ್ಟರೆ ಬೇಡ ಅಂತ ತಿರುಗಿಸಿ ಕಳಿಸಬೇಡಿ. ತೆಗೆದುಕೊಂಡು ರಶೀದಿ ಕೊಡಿ, ಮಾತುಕತೆ ನಡೆಯುತ್ತಿದೆ ಅಂತ ಬೇಕಾದರೆ ಅದರಲ್ಲೇ ಬರೆಯಿರಿ.

ಸೀತಾಂಗೋಳಿ ಬೈಕ್
ಸರಿ, ಹಿಂದೆ ತೆಗೆದುಕೊಂಡೆ. ಕಾನೂನು ಇಷ್ಟು ಉಂಟು ಅಂತ ಗೊತ್ತಿರಲಿಲ್ಲ.

ಹೊಸ ಬಸ್‌ಸ್ಟ್ಯಾಂಡ್ ವ್ಯಾಪಾರಿ
ಅಂಗಡಿಯವರ ಕಡೆಯಿಂದ ನಾನು ಹೇಳುತ್ತೇನೆ. ಪಕ್ಕದ ಕಟ್ಟಡದಲ್ಲಿ 7,500 ಬರುತ್ತದೆ ಅಂತ ಬರೆದಿದ್ದೀರಿ. ಆ ಕೋಣೆಗೆ ಯಾವ ಕಡೆಯಿಂದ ಜನ ಬರುತ್ತಾರೆ? ಹೆದ್ದಾರಿ 66 ಆರು ಸಾಲು ಮಾಡುವ ಕೆಲಸ ಶುರು ಆದ ಮೇಲೆ ಪೇಟೆಯ ಲೆಕ್ಕವೇ ಬದಲಾಗಿದೆ. ಕರಂದಕ್ಕಾಡಿನಿಂದ ನುಳ್ಳಿಪ್ಪಾಡಿಗೆ ಮೇಲ್ಸೇತುವೆ ಬಂತು. ಕೆಲಸ ನಡೆಯುವಾಗ ನನ್ನ ಅಂಗಡಿ ಮುಂದೆ ಧೂಳು, ಹೊಂಡ, ತಗಡಿನ ಬೇಲಿ. ಬೈಕ್ ನಿಲ್ಲಿಸಲಿಕ್ಕೆ ಜಾಗ ಇಲ್ಲದೆ ಗಿರಾಕಿಗಳು ಬೇರೆ ಕಡೆ ಅಭ್ಯಾಸ ಆಗಿಹೋದರು. ಕೆಲವು ಕೋಣೆಗಳಿಗೆ ಸರ್ವಿಸ್ ರೋಡಿನಿಂದ ಒಳ್ಳೆಯದಾಯಿತು, ಕೆಲವಕ್ಕೆ ಪೂರಾ ಹೊಡೆತ. ಹತ್ತು ಮೀಟರ್ ಅಂತರದಲ್ಲೇ ಈ ವ್ಯತ್ಯಾಸ ಉಂಟು. ಪಕ್ಕದ ಬಾಡಿಗೆ ನೋಡಿ ಬೆಲೆ ಕಟ್ಟಬೇಡಿ. ಒಂದು ಸಂಜೆ ಅಂಗಡಿ ಮುಂದೆ ನಿಂತು ಎಷ್ಟು ಜನ ಮೆಟ್ಟಿಲು ಹತ್ತುತ್ತಾರೆ ನೋಡಿ.

ಮಧೂರು ಲೆಕ್ಕಿಗ
ಎರಡೂ ಕಡೆ ಬಿಟ್ಟು ಲೆಕ್ಕ ಮಾತ್ರ ಹೇಳುತ್ತೇನೆ. ಒಂಬತ್ತು ವರ್ಷ ಹಿಂದೆ 2,800. ವರ್ಷಕ್ಕೆ 5 ಪರ್ಸೆಂಟ್ ಏರುತ್ತಾ ಬಂದಿದ್ದರೆ ಇವತ್ತು ಸುಮಾರು 4,300 ಆಗಬೇಕಿತ್ತು. ಹಾಗಾಗಿ 2,800 ಕಡಿಮೆಯೇ, ಅದರಲ್ಲಿ ಸಂಶಯ ಇಲ್ಲ. ಓನರ್ ಕೇಳುವುದರಲ್ಲಿ ತಪ್ಪಿಲ್ಲ. ಆದರೆ 7,000 ಅಂದರೆ ಎರಡೂವರೆ ಪಟ್ಟು. ಒಂಬತ್ತು ವರ್ಷ ಬಿಟ್ಟದ್ದು ಹಳೇ ಓನರ್. ಅದನ್ನು ಒಂದೇ ತಿಂಗಳಲ್ಲಿ ಟೈಲರಿನಿಂದ ವಸೂಲು ಮಾಡಲಿಕ್ಕೆ ಆಗುತ್ತದಾ?

ಕಂತಿನ ವಿಷಯ ಒರಟಾಗಿ ಕೇಳಿಸಬಹುದು, ಆದರೂ ಹೇಳಬೇಕು. ನಿಮ್ಮ ಕಂತು 34,000 ಆದದ್ದು ನೀವು ತೆಗೆದ ಸಾಲದಿಂದ. ನೀವು ಸಾಲ ಇಲ್ಲದೆ ಕೊಂಡಿದ್ದರೆ ಬಾಡಿಗೆ ಏರಿಸುತ್ತಿರಲಿಲ್ಲವಾ? ಏರಿಸುತ್ತಿದ್ದಿರಿ. ಅಂದರೆ ಕಂತಿಗೂ ಬಾಡಿಗೆಗೂ ಸಂಬಂಧ ಇಲ್ಲ. ಕೊಳ್ಳುವಾಗಲೇ 18,800 ಬರುವ ಕಟ್ಟಡ ಅಂತ ಗೊತ್ತಿತ್ತು, ಕ್ರಯವೂ ಅದಕ್ಕೆ ಸರಿಯಾಗಿ ಕಡಿಮೆಯೇ ಆಗಿರಬೇಕು. ಹೌದಾ?

ಇನ್ನೊಂದು ಉಪಯೋಗದ ವಿಷಯ. ಬಾಡಿಗೆ ಆದಾಯದಲ್ಲಿ ನೀವು ಕಟ್ಟಿದ ಕಟ್ಟಡ ತೆರಿಗೆ ಕಳೆದು, ಉಳಿದದ್ದರಲ್ಲಿ 30 ಪರ್ಸೆಂಟ್ ರಿಪೇರಿ ಮುಂತಾದ್ದಕ್ಕೆ ಅಂತ ಆದಾಯ ತೆರಿಗೆಯಲ್ಲಿ ಬಿಡುತ್ತಾರೆ. ಅದಕ್ಕೆ ಬಿಲ್ ಬೇಡ. ಅಂದರೆ ರಿಪೇರಿ ಓನರಿನ ಕೆಲಸ ಅಂತ ತೆರಿಗೆಯವರೂ ಲೆಕ್ಕ ಹಿಡಿದಿದ್ದಾರೆ. ಮಾಡಿದ್ದೀರಾ?

ನುಳ್ಳಿಪ್ಪಾಡಿ ಹೊಸಬ
ಲೆಕ್ಕಿಗರೇ, ಹೌದು. ಕ್ರಯ ಕಡಿಮೆಯೇ ಇತ್ತು. ಜನ ಕೂತಿದ್ದಾರೆ ಅಂತ ಹೇಳಿ ನಾನೇ ಕಡಿಮೆ ಮಾಡಿಸಿದ್ದೆ. ಈಗ ಬರೆಯುವಾಗ ಅದು ನೆನಪಾಗಿ ನಾಚಿಕೆ ಆಯಿತು. ರಿಪೇರಿ ಇನ್ನೂ ಮಾಡಿಲ್ಲ. ನಾಳೆ ಹೋಗಿ ಟೈಲರನ್ನು ಕಾಣುತ್ತೇನೆ.

ಮಂಜೇಶ್ವರ ಟೀಚರ್
ಹೋಗುವ ಮೊದಲು ಒಂದು ವಿಷಯ. ಹೊಸ ಅಗ್ರಿಮೆಂಟ್ ಮಾಡುವುದಾದರೆ ಅವರಿಗೆ ಓದಲಿಕ್ಕೆ ಬರುವ ಭಾಷೆಯಲ್ಲಿ ಮಾಡಿ. ನಮ್ಮಲ್ಲಿ ಎಷ್ಟು ಜನ ಮಲಯಾಳ ಚೆನ್ನಾಗಿ ಮಾತಾಡುತ್ತಾರೆ, ಆದರೆ ಓದಲಿಕ್ಕೆ ಬರುವುದಿಲ್ಲ. ನನ್ನ ಅಮ್ಮನೂ ಹಾಗೇ. ಅವರು ಒಂದು ಕಾಗದಕ್ಕೆ ಸಹಿ ಹಾಕಿದ್ದರು. ಅದರಲ್ಲಿ ಪೈಂಟಿಂಗ್ ಖರ್ಚು ಬಾಡಿಗೆದಾರರದ್ದು ಅಂತ ಇತ್ತು. ಮನೆ ಬಿಡುವ ದಿನವೇ ನಮಗೆ ಗೊತ್ತಾದದ್ದು. ಒಂದು ಬದಿ ಮಲಯಾಳ, ಒಂದು ಬದಿ ಕನ್ನಡ ಬರೆಸಿದರೆ ಯಾರಿಗೆ ನಷ್ಟ?

ಚೆರ್ಕಳ
ನಾನು ಮಲಯಾಳದವನು, ಕನ್ನಡ ಶಾಲೆಯಲ್ಲಿ ಕಲಿತದ್ದು. ನನಗೆ ಅದು ಉಲ್ಟಾ ಆಗಿತ್ತು, ಮಂಗಳೂರಿನಲ್ಲಿ ನನ್ನ ಅಣ್ಣ ಕನ್ನಡ ಪತ್ರಕ್ಕೆ ಓದದೆ ಸಹಿ ಹಾಕಿದ್ದ. ಟೀಚರ್ ಹೇಳಿದ್ದು ಸರಿ.

ಬದಿಯಡ್ಕ ಮೇಸ್ತ್ರಿ
ಹಳೇ ಕೆಂಪುಕಲ್ಲಿನ ಕಟ್ಟಡ ಆದರೆ ಮೊದಲು ಮಾಡಿನ (ಛಾವಣಿಯ) ನೀರು ಎಲ್ಲಿ ಇಳಿಯುತ್ತದೆ ನೋಡಿ. ನಮ್ಮ ಕಡೆ ವರ್ಷಕ್ಕೆ 3,000 ಮಿಲಿಮೀಟರಿಗಿಂತ ಜಾಸ್ತಿ ಮಳೆ. ಪಾತಿ (ಮಾಡಿನ ಅಂಚಿನಲ್ಲಿ ನೀರು ಹರಿಯುವ ದೋಣಿ) ಒಡೆದರೆ ನೀರು ಗೋಡೆಗೆ ಇಳಿದು, ಗಾರೆ ಹೋಗಿ, ಕಲ್ಲು ಹುಡಿ ಆಗುತ್ತದೆ. ಈಗ ಕೆಲವು ಸಾವಿರದ ಕೆಲಸ, ಎರಡು ಮಳೆಗಾಲ ಬಿಟ್ಟರೆ ಲಕ್ಷಕ್ಕೆ ಹೋಗುತ್ತದೆ. ಬಾಡಿಗೆ ಮಾತು ಆಮೇಲೆ ಮಾಡಿ.

ಉಪ್ಪಳದಿಂದ
ನಾಲ್ಕು ದಿನ ಆಯಿತು. ಹೊಸಬರೇ, ಏನಾಯಿತು?

ನುಳ್ಳಿಪ್ಪಾಡಿ ಹೊಸಬ
ತಡ ಆಯಿತು. ಸರಿಯಾಗಿ ಬರೆಯಬೇಕು ಅಂತ ಕಾದೆ.

ಸೋಮವಾರ ಸಂಜೆ ಟೈಲರಂಗಡಿಗೆ ಹೋದೆ. ಜೋರು ಮಳೆ. ಎರಡು ಮಿಷನಿನ ನಡುವೆ ಒಂದು ನೀಲಿ ಬಕೆಟ್ ಇಟ್ಟಿದ್ದರು, ಅದಕ್ಕೆ ಮೇಲಿಂದ ನೀರು ಬೀಳುತ್ತಿತ್ತು. ನಾನು ಕೂತ ಅರ್ಧ ಗಂಟೆಯಲ್ಲಿ ಅವರು ಎರಡು ಸಲ ಅದನ್ನು ಹೊರಗೆ ಚೆಲ್ಲಿ ಬಂದರು. ಹೊಲಿದ ಬಟ್ಟೆಗಳನ್ನೆಲ್ಲ ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ, ಒದ್ದೆಯಾಗದ ಗೋಡೆಯ ಕಡೆ ಮೊಳೆಗೆ ನೇತುಹಾಕಿದ್ದರು. ಮೂರು ವರ್ಷದಿಂದ ಹೀಗೆಯಂತೆ. ಹಳೇ ಓನರಿಗೆ ಹೇಳಿ ಹೇಳಿ ಸಾಕಾಗಿ, ಒಂದು ಕಡೆ ಶೀಟನ್ನು ಅವರೇ ಹಾಕಿಸಿದ್ದಾರೆ. ವೈರಿಂಗೂ ಅವರದ್ದೇ ಖರ್ಚು.

ಮೇಜಿನ ಖಾನೆಯಿಂದ ಒಂದು ಕಟ್ಟು ಪಾಕೆಟ್ ಡೈರಿ ತೆಗೆದು ಇಟ್ಟರು. 2009ರಿಂದ ಒಂದೊಂದು ವರ್ಷಕ್ಕೆ ಒಂದು. ಪ್ರತಿ ತಿಂಗಳ 5ನೇ ತಾರೀಕಿನ ಪುಟದಲ್ಲಿ ಬಾಡಿಗೆ ಮೊತ್ತ, ಕೆಳಗೆ ಹಳೇ ಓನರಿನ ಸಹಿ. ಒಂದು ತಿಂಗಳೂ ತಪ್ಪಿಲ್ಲ. ಕೊರೋನಾ ಲಾಕ್‌ಡೌನಿನ ತಿಂಗಳುಗಳೂ ಉಂಟು. ಅಂಗಡಿ ಮುಚ್ಚಿದ್ದಾಗ ಹೇಗೆ ಕೊಟ್ಟಿರಿ ಅಂತ ಕೇಳಿದೆ. ಮಾಸ್ಕ್ ಹೊಲಿದೆ ಅಂದರು.

ನಾನು ಕಳಿಸಿದ ಮೆಸೇಜಿಗೆ ಕ್ಷಮೆ ಕೇಳಿದೆ. ಅವರು ಏರಿಸಬೇಡಿ ಅಂತ ಹೇಳಲೇ ಇಲ್ಲ. ಅವರು ಕೇಳಿದ್ದು ತಿಂಗಳಿನ ಬಗ್ಗೆ. ಈಗ ಆಟಿ ತಿಂಗಳು (ಆಷಾಢದ ಹಾಗೆ), ಮದುವೆ ಇಲ್ಲ, ಬ್ಲೌಸಿನ ಕೆಲಸ ಇಲ್ಲ. ಶಾಲೆ ಯೂನಿಫಾರಂ ದುಡ್ಡು ಮಿಷನ್ ರಿಪೇರಿಗೆ ಹೋಯಿತು. ಓಣಂ ಕೆಲಸದ ದುಡ್ಡು ಕೈಗೆ ಬಂದ ಮೇಲೆ ಶುರು ಮಾಡಬಹುದಾ ಅಂತ ಕೇಳಿದರು. ನನ್ನ ಕಂತಿನ ತಾರೀಕು ನನಗೆ ಬಾಯಿಪಾಠ ಉಂಟು. ಅವರ ದುಡಿಮೆಗೂ ತಿಂಗಳು ಅಂತ ಉಂಟು ಅಂತ ನಾನು ಒಂದು ಸಲವೂ ಯೋಚಿಸಿರಲಿಲ್ಲ.

ತೀರ್ಮಾನ ಹೀಗೆ ಆಯಿತು. ಮಾಡು, ಪಾತಿ ನಾನು ಸರಿ ಮಾಡಿಸುವುದು. ಅಕ್ಟೋಬರಿನಿಂದ 3,600. ಮುಂದಿನ ಅಕ್ಟೋಬರಿಗೆ 4,300. ಆಮೇಲೆ ವರ್ಷಕ್ಕೆ 5 ಪರ್ಸೆಂಟ್. ಸ್ಟೇಷನರಿಯವರು ಮೊದಲು ಸಿಟ್ಟಿನಲ್ಲೇ ಇದ್ದರು. ಟೈಲರ್ ಹೇಳಿದ ಮೇಲೆ ಕೂತು ಮಾತಾಡಿದರು, 5,500ಕ್ಕೆ ಒಪ್ಪಿದರು. ಮೇಲಿನ ಮನೆಯವರು ಇಬ್ಬರೂ 1,000ದಂತೆ ಜಾಸ್ತಿ ಕೊಡುತ್ತಾರೆ, ಅಡುಗೆಮನೆಯ ಪೈಪು ಬದಲಾಯಿಸಿ ಅಂತ ಕೇಳಿದರು. ಒಟ್ಟು 22,600.

ಹಳೇ ಓನರ್ ಅಡ್ವಾನ್ಸಿನ ಕಾಗದಕ್ಕೆ ಸಹಿ ಹಾಕಿದರು. ದುಡ್ಡು ಎರಡು ಕಂತಿನಲ್ಲಿ ಕೊಡುತ್ತಾರಂತೆ.

ಪೆರ್ಲ ಟು ಬೆಂಗಳೂರು
34,000 ಕಂತಿಗೆ 22,600. ಇನ್ನೂ 11,400 ತಿಂಗಳಿಗೆ ಕೈಯಿಂದ ಹಾಕಬೇಕು. ನಿಮಗೆ ಜಾಸ್ತಿಯೇ ನಷ್ಟ ಆಯಿತು ಅಂತ ನನಗೆ ಈಗಲೂ ಅನಿಸುತ್ತದೆ. ಟೈಲರಿಗೆ ನೇರ 4,300 ಕೇಳಬೇಕಿತ್ತು.

ಮಧೂರು ಲೆಕ್ಕಿಗ
ಮೊದಲು 15,200 ಹಾಕಬೇಕಿತ್ತು, ಈಗ 11,400. ಕಟ್ಟಡ ಅವರದ್ದೇ ಆಗಿ ಉಳಿಯುತ್ತದೆ. ನಾಲ್ಕೂ ಕೋಣೆ ಒಂದು ತಿಂಗಳೂ ಖಾಲಿ ಇಲ್ಲ. ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ನುಳ್ಳಿಪ್ಪಾಡಿ ಹೊಸಬ
ಪೆರ್ಲದವರು ಹೇಳಿದ್ದೂ ತಪ್ಪಲ್ಲ. 11,400 ನನಗೆ ಭಾರವೇ. ಪುನಃ ಒಂದು ವರ್ಷ ಕುವೈತಿಗೆ ಹೋಗಬೇಕಾಗಬಹುದು. ಮನೆಯಲ್ಲಿ ಇನ್ನೂ ಹೇಳಿಲ್ಲ.

ಬಾಡಿಗೆ ಮನೆ ಅಕ್ಕ
ಮನೆಯಲ್ಲಿ ಮೊದಲು ಹೇಳಿ. ಅದನ್ನೂ ಮೆಸೇಜಿನಲ್ಲಿ ಹೇಳಬೇಡಿ.

ವಕೀಲರ ಗುಮಾಸ್ತ
ಅಗ್ರಿಮೆಂಟಿನಲ್ಲಿ ಪ್ರತಿ ವರ್ಷದ ಮೊತ್ತವನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆಸಿ, ಬರೀ ಪರ್ಸೆಂಟ್ ಬರೆದರೆ ಮುಂದೆ ಜಗಳ. ಟೈಲರ್ ಹಾಕಿಸಿದ ಶೀಟ್, ವೈರಿಂಗ್ ಅವರದ್ದು ಅಂತಲೂ ಸೇರಿಸಿ. ಇನ್ನು ಮೇಲೆ ಡೈರಿಯ ಜೊತೆಗೆ ರಶೀದಿ ಪುಸ್ತಕ ಇಡಿ.

ನುಳ್ಳಿಪ್ಪಾಡಿ ಹೊಸಬ
ಶನಿವಾರ ಆಧಾರ ಬರೆಯುವವರ ಹತ್ತಿರ ಹೋಗುತ್ತೇವೆ. ಟೀಚರ್ ಹೇಳಿದ ಹಾಗೆ ಎರಡು ಭಾಷೆಯಲ್ಲಿ. ಡೈರಿಯನ್ನೂ ನಿಲ್ಲಿಸುವುದಿಲ್ಲ. ಆಗಸ್ಟಿನದ್ದಕ್ಕೆ ನಾನು ಸಹಿ ಹಾಕಬೇಕಂತೆ, ಪುಟ ತೋರಿಸಿ ಇಟ್ಟಿದ್ದಾರೆ.

ಬದಿಯಡ್ಕ ಮೇಸ್ತ್ರಿ
ಪಾತಿ ಎಷ್ಟು ಅಡಿ ಬೇಕು? ಅಳತೆ ಹಾಕಿ. ಭಾನುವಾರ ಮಳೆ ಬಿಟ್ಟರೆ ನಾನೇ ಬಂದು ನೋಡುತ್ತೇನೆ.

ನುಳ್ಳಿಪ್ಪಾಡಿ ಹೊಸಬ
ಮೂವತ್ತೆರಡು ಅಡಿ. ಬನ್ನಿ, ಏಣಿ ಟೈಲರಲ್ಲಿ ಉಂಟು.